ಕೈ ಹೇಳಿದ್ದು, ಕಿವಿ ಕೇಳಿದ್ದು

ನಿನ್ನೆ ಕಿಬ್ಬನಹಳ್ಳಿಯಲ್ಲಿ ಬಸ್ಸು ನಿಂತಾಗ ಇಳಿದು, ಅಂಗಡಿಯಲ್ಲೊಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀವೂ ಹಾಗೆ ಮಾಡುವವರೇ ಇರಬೇಕು. ಸದ್ದು ಬಂತು. ಬಂದದ್ದು ಕಾಯಿಯಿಂದಲೋ ನನ್ನ ನಾಲಿಗೆಯಿಂದಲೋ ಎಂದು ಮಾತ್ರ ಅನುಮಾನವಾಯಿತು.

ಆ ನಾಲಿಗೆಗೆ ಬಾರದ ಸದ್ದಿರಲಿಲ್ಲ. ಹಂದನಕೆರೆ ಬಸ್ಸಿನ ಗೇರು, ಮೇಷ್ಟರ ಕೆಮ್ಮು, ಕೇಳಿದವರು ಹೇಳಿದ ಪ್ರಕಾರ ನನ್ನದೇ ಗೊರಕೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ವರ್ಷ ಅದಕ್ಕೆ ಇನ್ನೊಂದು ಸೇರಿತು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದಲ್ಲಿ ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ‘ಲೊಡಕ್’ ಎನ್ನುತ್ತದೆ. ಆ ಲೊಡಕ್ ಕೇಳಿ ಕಾಯಿ ಆರಿಸುವುದು ದೊಡ್ಡಪ್ಪನ ಕೆಲಸ. ಕಾಯಿ ಮುಟ್ಟುವ ಮೊದಲು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು.

“ತಡಿಯಲಾ, ಕಿವಿ ಖಾಲಿಯಾಗ್ಲಿ.”

ಒಂದು ಬೆಳಿಗ್ಗೆ ಅವರ ಬೆನ್ನ ಹಿಂದೆ ಕೂತು, ಅವರು ಕಾಯಿ ಅಲ್ಲಾಡಿಸಿದಾಗಲೆಲ್ಲ ನಾಲಿಗೆಯನ್ನು ಅಂಗುಳಕ್ಕೆ ಹೊಡೆದೆ. ಲೊಡಕ್. ನೀರಿದ್ದ ಕಾಯಿಗಳೂ ಒಣಗಿದವುಗಳ ರಾಶಿಗೆ ಬಿದ್ದವು. ಸುಲಿದು ಒಡೆದಾಗ ನೀರು ಚೆಲ್ಲಿ ದೊಡ್ಡಪ್ಪನ ಪಂಚೆ ನೆನೆಯಿತು. ನಾನು ನಗಲು ಬಾಯಿ ತೆರೆದಿದ್ದೆ.

“ಕಿವಿ ಹೋಯ್ತು ಕಣ್ಲಾ,” ಎಂದರು ಮೆಲ್ಲಗೆ. “ಇನ್ಮೇಲೆ ನೀನೇ ನೋಡ್ಕೋ.”

ಅಂದಿನಿಂದ ದೊಡ್ಡಮ್ಮ ಅವರೊಡನೆ ಕೂಗಿ ಮಾತಾಡತೊಡಗಿದರು. “ಮುದ್ದೆ ಇಕ್ಲೇನ್ರೀ?” ಎಂಬುದು ಮೂರು ಮನೆಯಾಚೆಗೂ ಮುಟ್ಟುತ್ತಿತ್ತು. ದೊಡ್ಡಪ್ಪ ಮಾತ್ರ “ಆಂ?” ಎನ್ನುತ್ತಿದ್ದರು. ಚೆನ್ನಾಗಿದ್ದ ಕಿವಿಯೇ ತನಗೆ ಕೇಳಿಸದೆಂದು ಒಪ್ಪಿಕೊಂಡುಬಿಟ್ಟಿತ್ತು. ಅಟ್ಟಕ್ಕೆ ಏಣಿ ಹಾಕುವುದನ್ನೇ ಬಿಟ್ಟರು.

ನಾಲ್ಕನೆಯ ದಿನ ತಡೆಯಲಾರದೆ ಅವರೆದುರು ಬರಿಗೈಯಲ್ಲಿ ಕೂತು ಲೊಡಕ್ ಎಂದೆ.

“ಇನ್ನೊಂದ್ಸಲ ಮಾಡು.”

ಮಾಡಿದೆ. ಬೈಗುಳಕ್ಕೆ ಕಾದೆ. ಅವರು ತಮ್ಮ ಬಲಗೈಯನ್ನು ನೋಡಿಕೊಂಡರು.

“ಭಾರ ಐತೆ, ಒಳಗೆ ನೀರೈತೆ ಅಂತ ಕೈ ಹೇಳ್ತಾನೇ ಇತ್ತು ಕಣ್ಲಾ. ನಾನು ಕಿವಿ ಮಾತು ಕೇಳ್ಬುಟ್ಟೆ.” ಆಮೇಲೆ ಅಡುಗೆಮನೆಯ ಕಡೆ ತಿರುಗಿ, “ಮೆಲ್ಲಗೆ ಮಾತಾಡೇ, ಕಿವಿ ಬಂತು,” ಎಂದರು.

ಮರುದಿನ ಅಟ್ಟ ಹತ್ತಿದರು. ನನ್ನನ್ನು ಎದುರಿಗೇ ಕೂರಿಸಿಕೊಂಡರು, ಬಾಯಿಗೊಂದು ಅಚ್ಚು ಬೆಲ್ಲ ತುರುಕಿ. ಅದು ಕರಗುವ ತನಕ ಅಟ್ಟದಲ್ಲಿ ಇಲಿ ಓಡಾಡುವುದು, ಹೆಂಚು ಬಿಸಿಲಿಗೆ ಚಟಗುಟ್ಟುವುದು, ನಾನು ಬೆಲ್ಲ ನುಂಗುವುದು ಎಲ್ಲ ಕೇಳಿಸಿತು. ಅಷ್ಟು ಹೊತ್ತು ನಾನು ಯಾರಂತೆಯೂ ಸದ್ದು ಮಾಡದೆ ಕೂತದ್ದು ಅದೇ ಮೊದಲು.

“ಸದ್ದು ಬಂತಲ್ರೀ, ತಗಳಿ,” ಎಂದ ನಿನ್ನೆಯ ಅಂಗಡಿಯವನು. ನಾನು ಹಲ್ಲಿನ ನಡುವೆ ನಾಲಿಗೆ ಕಚ್ಚಿಕೊಂಡು, ಕಾಯಿಯನ್ನು ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ ನಿಂತೆ. ಬಸ್ಸು ಹಾರನ್ ಹೊಡೆಯಿತು. ಕಿವಿ ಖಾಲಿಯಾಗಲೆಂದು ನಾನು ಕಾದೆ. ಬಸ್ಸು ಕಾಯಲಿಲ್ಲ.