ಕೊಯ್ದು ನೋಡದ ಟ್ರಾನ್ಸಿಸ್ಟರ್

ಮುಂಬಯಿಯ ಭಾಂಡುಪ್ ಸ್ಟೇಶನ್ ಹತ್ತಿರದ ನನ್ನ ರಿಪೇರಿ ಅಂಗಡಿಗೆ ಆ ಆಂಪ್ಲಿಫೈಯರ್ ಮೂರನೇ ಸಲ ವಾಪಸ್ ಬಂದಾಗ ನನಗೆ ಯಾರನ್ನಾದರೂ ಬೈಯಲೇಬೇಕಿತ್ತು. ಎದುರಿಗೆ ಸಿಕ್ಕವರು ಕಾಕಾ. ವಿಜಯಪುರದವರು, ನನಗೆ ಸೋಲ್ಡರಿಂಗ್ ಐರನ್ ಹಿಡಿಯಲು ಕಲಿಸಿದವರು. ಕಣ್ಣು ಮಂಜಾದ ಮೇಲೆ ಅವರನ್ನು ಬೇರೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ನನ್ನ ಟೇಬಲ್ಲಿನ ತುದಿಗೆ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಆ ಸ್ಟೂಲು ಬಿಟ್ಟರೆ ಅವರಿಗೆ ಬೇರೆ ಗತಿಯಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆಂಪ್ಲಿಫೈಯರ್ ನಮ್ಮ ಕಡೆಯವರದೇ ಒಂದು ಭಜನಾ ಮಂಡಳಿಯದು. ಶನಿವಾರ ಭಜನೆ ಶುರುವಾಗಿ ಒಂದು ತಾಸಾಗುವಷ್ಟರಲ್ಲಿ ಸ್ಪೀಕರಿಗೆ ಬಲ ಕೊಡುವ ದಪ್ಪ ಟ್ರಾನ್ಸಿಸ್ಟರ್‌ಗಳು ಸುಟ್ಟುಹೋಗುತ್ತಿದ್ದವು. ನಾನು ಹೊಸವನ್ನು ತರುತ್ತಿದ್ದೆ, ಕಾಕಾ ಕೂರಿಸುತ್ತಿದ್ದರು, ಮತ್ತೆ ಸುಡುತ್ತಿದ್ದವು.

"ಸುಟ್ಟದ್ದೊಂದರ ಮ್ಯಾಲಿನ ಲೋಹದ ಟೋಪಿ ಕೊಯ್ದ ನೋಡೂಣು," ಅಂದರು ಕಾಕಾ. "ಒಳಗಿನ ಚಿಪ್ ಎಷ್ಟ ದೊಡ್ಡದೈತಿ ನೋಡಿದ್ರ ಮಾಲ್ ಅಸಲಿಯೋ ನಕಲಿಯೋ ತಿಳೀತೈತಿ."

ಮಾಲು ಆರಿಸಿ ತಂದವನು ನಾನು, ಗ್ರಾಂಟ್ ರೋಡ್ ಕಡೆಯ, ಬಿಡಿಭಾಗ ಮಾರುವ ಒಂದು ಸಂದಿಯಿಂದ. ಮೇಲಿನ ನಂಬರ್ ನೋಡಿಯೇ ಅಸಲಿ ಯಾವುದೆಂದು ಹೇಳಬಲ್ಲೆ ಎಂಬ ಜಂಬ ನನಗೆ. ಸಿಟ್ಟು ನೆತ್ತಿಗೇರಿತು. ಮಂಡಳಿಯ ಇಬ್ಬರು ಹಿರಿಯರು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕೇಳಲೆಂದೇ ದನಿ ಏರಿಸಿದೆ.

"ಮಾಲ್ ಚಲೋನ ಐತಿ ಕಾಕಾ. ನಿಮ್ಮ ಕೈ ನಡಗತಾವ. ಸೋಲ್ಡರ್ ಎಲ್ಲೆಲ್ಲೋ ಹರಡಿ ಶಾರ್ಟ್ ಆಗಾಕತ್ತೈತಿ. ಇನ್ನ ಮನ್ಯಾಗ ಕೂಡ್ರಿ."

ಅವರು ಐರನ್ನಿನ ಪ್ಲಗ್ ಕಿತ್ತು, ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಸ್ಟ್ಯಾಂಡಿನಲ್ಲಿಟ್ಟು ಹೋದರು. ಪೀಡೆ ತೊಲಗಿತು ಅಂದುಕೊಂಡೆ.

ನಾಲ್ಕನೇ ಸಲ ನಾನೇ ಬೆಸುಗೆ ಹಾಕಿದೆ. ಸುಟ್ಟಿತು. ಆಗ ಶಟರ್ ಅರ್ಧ ಇಳಿಸಿ, ಗರಗಸ ಹಿಡಿದು ಟೋಪಿ ಕೊಯ್ದೆ. ಒಳಗೆ ಎಳ್ಳಿನಷ್ಟು ಚಿಪ್. ಹಳೇ ಡಬ್ಬಿಯಲ್ಲಿದ್ದ ಅಸಲಿಯೊಂದನ್ನು ಕೊಯ್ದರೆ ಕಿರುಬೆರಳಿನ ಉಗುರಿನಷ್ಟಿತ್ತು. ಬೇರೆ ಕಡೆಯಿಂದ ಅಸಲಿ ಮಾಲು ತಂದು ಹಾಕಿದೆ. ಆಂಪ್ಲಿಫೈಯರ್ ಮತ್ತೆ ಬರಲಿಲ್ಲ. ಕಾಕಾಗೆ ಫೋನ್ ಮಾಡಲಿಲ್ಲ. ನಾಚಿಕೆಯಾಗಿತ್ತು, ನಾಚಿಕೆಯಾಗುವಂತೆ ಮಾಡಿದರಲ್ಲ ಅಂತ ಅವರ ಮೇಲೆಯೇ ಸಿಟ್ಟೂ ಬಂದಿತ್ತು.

ತಿಂಗಳ ಮೇಲೆ ಅವರೇ ಬಂದರು. ಹೊಸ ಕನ್ನಡಕ ಹಾಕಿದ್ದರು. ಸ್ಟೂಲಿನ ಕಡೆ ನೋಡಿದರು, ಕೂರಲಿಲ್ಲ.

"ಅದು ಮತ್ತ ಸುಟ್ಟಿತೇನಪಾ?"

ಕೊಯ್ದ ಟ್ರಾನ್ಸಿಸ್ಟರ್‌ಗಳೆರಡೂ ತೆರೆದ ಡ್ರಾಯರಿನಲ್ಲಿದ್ದವು. ಮೊಣಕೈಯಿಂದ ಡ್ರಾಯರ್ ಮುಚ್ಚಿದೆ.

"ನೀವು ಹೋದಮ್ಯಾಗ ಒಮ್ಮೆನೂ ಸುಟ್ಟಿಲ್ಲ," ಅಂದೆ.

ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಹೊಸ ಕನ್ನಡಕದಲ್ಲಿ ಬಹಳ ಹೊತ್ತು ನೋಡಿಕೊಂಡರು. "ಹಂಗಾದ್ರ ತಪ್ಪು ನಂದ. ಮಂಡಳಿಯವರಿಗೆ ಒಂದ ಮಾತ ಹೇಳಬೇಕು," ಎಂದು ಮೆಟ್ಟಿಲಿಳಿದರು. ನಾನು ಕರೆಯಲಿಲ್ಲ.

ಆ ಶನಿವಾರ ಭಜನೆ ಮುಗಿದ ಮೇಲೆ ಕಾಕಾ ಮೈಕ್ ಇಸಿದುಕೊಂಡು, ತಮ್ಮ ಕೈಯಿಂದ ತಪ್ಪಾಗಿತ್ತು, ಹೊಟ್ಟೆಗೆ ಹಾಕಿಕೊಳ್ಳಿ ಅಂದರಂತೆ. ಆಂಪ್ಲಿಫೈಯರ್ ಚೆನ್ನಾಗಿ ಕೆಲಸ ಮಾಡಿತಂತೆ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವರಿಗೂ ಸ್ಪಷ್ಟವಾಗಿ ಕೇಳಿಸಿತಂತೆ.