ಬೀಸಣಿಗೆಯ ಮೇಲಿನ ನೀಲಿ ಹೂ

ನಮ್ಮ ಅಸಾಕುಸಾ ಬೀದಿಯ ತೊಕುಜಿರೊ ಅಜ್ಜ ಮರದಚ್ಚಿನಿಂದ ಬೀಸಣಿಗೆಗಳ ಮೇಲೆ ಒತ್ತುವ ನೀಲಿ ಹೂವನ್ನು ಕಂಡರೆ ಜೇನುಹುಳಕ್ಕೂ ದಾರಿ ತಪ್ಪುತ್ತದೆ. ಕೊಂಡವರು ಬೀಸಣಿಗೆಯನ್ನು ಗೋಡೆಗೆ ತೂಗುಹಾಕುತ್ತೇವೆಂದರೆ ಸಾಕು, “ಗೋಡೆಗೇನ್ರೀ ಸೆಕೆ?” ಎಂದು ಕಸಿದುಕೊಳ್ಳುತ್ತಾನೆ. ಪಕ್ಕದಂಗಡಿಯಲ್ಲಿ ಹಾವುಮೀನು ಸುಡುವ ಒಕಿನುಗೆ ಮಾತ್ರ ಪುಕ್ಕಟೆ; ಅವಳು ಕೆಂಡಕ್ಕೆ ಬೀಸಿ ಬೀಸಿ ಹೂವನ್ನು ಮಸಿ ಮಾಡಿದಷ್ಟೂ ಇವನ ಮುಖ ಅರಳುತ್ತದೆ. ಆ ಅಚ್ಚನ್ನು ಕೊರೆದವಳು ತೀರಿಹೋದ ಅವನ ಹೆಂಡತಿ. ಒತ್ತಿದಷ್ಟೂ ಅಚ್ಚು ಸವೆಯುತ್ತದೆ. ಈ ಬೇಸಿಗೆಯಲ್ಲಿ ಎಸಳಿನ ಗೆರೆಗಳೇ ಸರಿಯಾಗಿ ಮೂಡಲಿಲ್ಲ. “ಸಾಕು ಮಾಡಜ್ಜಾ, ಅಜ್ಜಿ ಗುರುತು ಅಂತ ಇರೋದು ಇದೊಂದೇ ಅಲ್ವಾ?” ಎಂದಳು ಒಕಿನು. ಅಜ್ಜ ಅಚ್ಚಿಗೆ ಮತ್ತೆ ನೀಲಿ ಬಳಿದ. “ಅವಳೇನು ಎತ್ತಿಡೋಕೆ ಕೊರೆದ್ಲೇನೇ? ನೀನು ಬೀಸು. ಅವಳ ಕೈಗಾಳಿ ಬೀದಿಗೆಲ್ಲ ಬರಲಿ.” ಆ ಸಂಜೆ ಹಾವುಮೀನಿನ ಹೊಗೆಯಲ್ಲಿ ನಾವೆಲ್ಲ ನಿಂತು ಆ ಗಾಳಿಗೆ ಮುಖವೊಡ್ಡಿದೆವು.