ಕ್ರೀಡಾ ಕೋಣೆಯಲ್ಲಿ ಧ್ವನಿಪಾಠ

ರೋಣದ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ ಲಿಂಗ ಸಮಾನತೆ ಕೋಶಕ್ಕೆ ಬೇರೆ ಕೋಣೆ ಇರಲಿಲ್ಲ. ಆಟದ ಸಾಮಾನು ಇಡುವ ಕೋಣೆಯಲ್ಲೇ ಒಂದು ಮೇಜು, ಒಂದೆರಡು ಕುರ್ಚಿ ಹಾಕಿ ಬಾಗಿಲಿಗೆ ಬೋರ್ಡು ಬಡಿದಿದ್ದರು. ಒಳಗೆ ಕೂತು ಕಷ್ಟ ಹೇಳಿಕೊಳ್ಳುವವರ ಬೆನ್ನಿಗೆ ವಾಲಿಬಾಲ್ ನೆಟ್ಟು, ತಲೆಯ ಮೇಲೆ ಗಾಳಿ ಹೋದ ಫುಟ್‌ಬಾಲು. ಕೋಶ ನೋಡಿಕೊಳ್ಳುತ್ತಿದ್ದ ಮೇಡಂ ಒಂದು ದಿನ ಅಲ್ಲಿಗೆ ಬಾ ಎಂದು ಹೇಳಿ ಕಳಿಸಿದಾಗ, ನಾನು ಮಾಡಿದ ಅಣಕಗಳಲ್ಲಿ ಯಾವುದು ಯಾರಿಗೆ ನಾಟಿರಬಹುದು ಎಂದು ಲೆಕ್ಕ ಹಾಕುತ್ತ ಹೋದೆ. ಬಾಗಿಲು ಬಂತು, ಲೆಕ್ಕ ಮುಗಿದಿರಲಿಲ್ಲ.

ನಾನು ಮಾತಿಗಿಂತ ಮೊದಲು ಅಣಕ ಕಲಿತವನು ಎಂದು ಗಜೇಂದ್ರಗಡದ ನಮ್ಮ ಮನೆಯಲ್ಲಿ ಹೇಳುತ್ತಾರೆ. ಪ್ರಾಂಶುಪಾಲರ ಕೆಮ್ಮು, ಇತಿಹಾಸದ ಸರ್ ಅವರ ಸೀನು, ಕ್ಯಾಂಟೀನಿನ ಅಕ್ಕನ ಬೈಗುಳ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಮನೆ ಮಾಲೀಕ ಯಾರು ಎಂದು ಕೇಳಿದರೆ ಮಾತ್ರ ಪಂಚಾಯ್ತಿ. ಒಮ್ಮೆ ಫೋನಿನಲ್ಲಿ ನೆಟ್ಟಗೆ ಮಾತಾಡಿದ್ದಕ್ಕೆ ಅವ್ವ, ಇದು ಯಾರ ಧ್ವನಿ ತೆಗೆದೆಯೋ, ನಿಂದು ಕೊಡು ಎಂದು ಬೈದಿದ್ದಳು.

ಕೋಣೆಯಲ್ಲಿ ಮೇಡಂ ಎದುರು ನಮ್ಮ ತರಗತಿಯ ಗೆಳತಿ ಕೂತಿದ್ದಳು. ಹೊಳೆಮಣ್ಣೂರಿನವಳು. ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ಮೊದಲ ವರ್ಷವೆಲ್ಲ ಪ್ಯಾಂಟು ಶರ್ಟಿನಲ್ಲಿ ಬಂದು, ಎರಡನೆಯ ವರ್ಷದ ಮೊದಲ ದಿನ ಚೂಡಿದಾರ ತೊಟ್ಟು ಬಂದಳು. ಹಾಜರಿಯಲ್ಲಿ ಹೊಸ ಹೆಸರು ಕೂಗುವಂತೆ ಮಾಡಿದ್ದು, ಹುಡುಗಿಯರ ವಿಶ್ರಾಂತಿ ಕೋಣೆಯ ಸುತ್ತ ಎದ್ದ ಗುಸುಗುಸು ಅಡಗಿಸಿದ್ದು ಇದೇ ಮೇಡಂ. ಆದರೆ ಕೂಗಿದ ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ಆಕೆ ಕೈ ಎತ್ತಿ ಸುಮ್ಮನಾಗುತ್ತಿದ್ದಳು. ಚೂಡಿದಾರ ತೊಟ್ಟ ಹೊಸತರಲ್ಲಿ ಬಸ್ಸಿನಲ್ಲಿ ಟಿಕೆಟ್ ಕೇಳಿದ್ದಕ್ಕೆ ಅರ್ಧ ಬಸ್ಸು ತಿರುಗಿ ನೋಡಿತ್ತಂತೆ. ಆವತ್ತಿನಿಂದ ಮಂದಿಯ ನಡುವೆ ಬಾಯಿ ಬಿಟ್ಟಿರಲಿಲ್ಲ.

ಈಗ ಸೆಮಿನಾರು ಹತ್ತಿರ ಬಂದಿತ್ತು. ಎಲ್ಲರೆದುರು ನಿಂತು ಮಾತಾಡಬೇಕು. ಬರೆದು ಕೊಟ್ಟರೂ ನಡೆಯುವಂತೆ ವಿಭಾಗದವರನ್ನು ಒಪ್ಪಿಸುತ್ತೇನೆಂದು ಮೇಡಂ ಹೇಳಿದ್ದರು. ಈಕೆಯೇ ಬೇಡವೆಂದಿದ್ದಳು. ಪಾಠ ಹೇಳುವ ಕೆಲಸಕ್ಕೆ ಸೇರಬೇಕೆಂದೇ ಓದುತ್ತಿದ್ದವಳು. ಇಲ್ಲಿ ಚೀಟಿ ಕೊಟ್ಟು ಪಾರಾದರೆ ನಾಳೆ ಹುಡುಗರಿಗೂ ಚೀಟಿಯಲ್ಲೇ ಪಾಠ ಮಾಡಲೇನು ಎಂದು ಮೇಡಂ ಅವರನ್ನೇ ಕೇಳಿದ್ದಳಂತೆ.

"ಇಕಿಗೆ ಧ್ವನಿ ಕಲಿಸೋರು ಬೇಕಾಗ್ಯಾರ," ಎಂದರು ಮೇಡಂ. "ದೊಡ್ಡ ಊರಾಗ ಇದಕ್ಕಂತನ ಓದಿದವ್ರು ಇರ್ತಾರ. ನಮ್ಮಲ್ಲೆ ನೀ ಇದ್ದಿ. ನಾ ಬ್ಯಾಡ ಅಂದೆ. ಇಕಿನ ನಿನ್ನ ಹೆಸರು ಹಿಡದು ಕುಂತಾಳ."

ನಾನೇ ಏಕೆ ಎಂದು ಆಕೆಯನ್ನು ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: "ನೀ ಎಲ್ಲಾರ್ನೂ ಕಾಡಸ್ತಿ. ನನ್ನೊಬ್ಬಾಕಿನ್ನ ಬಿಟ್ಟೀದಿ. ಅಂಜಿಕೀನೋ, ಕನಿಕರಾನೋ?"

ಈ ವರ್ಷ ನಿನ್ನ ಮಾತೇ ಕೇಳಿಲ್ಲ, ಏನಂತ ಅಣಕಿಸಲಿ ಎಂದೆ. ಹಂಗಾದರೆ ಕೇಳಿಸುವಂತೆ ಮಾಡು ಎಂದಳು. ಮೇಡಂ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದರು.

ಪಾಠ ಮಧ್ಯಾಹ್ನದ ಹೊತ್ತು ಶುರುವಾಯಿತು. ನನ್ನ ಬಳಿ ಹೆಂಗಸರ ಧ್ವನಿಗಳು ತಯಾರಿದ್ದವು: ಕಾಯಿಪಲ್ಲೆ ಮಾರುವವಳು, ಟಿ.ವಿ.ಯಲ್ಲಿ ಸುದ್ದಿ ಓದುವವಳು, ಮದುವೆ ಮನೆಯಲ್ಲಿ ಸಿಟ್ಟಾದ ಅತ್ತೆ. ಒಂದೊಂದಾಗಿ ಹೊರಗಿಟ್ಟೆ. ಆಕೆ ಹಾಗೇ ತಿರುಗಿ ಹೇಳಿದಳು. ಇಬ್ಬರೂ ನಕ್ಕು ನಕ್ಕು ಕೇರಂ ಬೋರ್ಡಿಗೆ ಒರಗಿದೆವು. ನಾಲ್ಕಾರು ದಿನ ಹೀಗೇ ನಡೆಯಿತು. ನಾನಂತೂ ನನ್ನನ್ನು ತಜ್ಞನೆಂದೇ ನಂಬಿಬಿಟ್ಟಿದ್ದೆ. ಒಂದು ದಿನ ಆಕೆ ಅತ್ತೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

"ಇವೆಲ್ಲಾ ಮಂದಿ ನಗಲಿ ಅಂತ ಮಾಡಿದ್ವು. ನಾ ಬಾಯಿ ತಗದ್ರ ಯಾರೂ ಹೊಳ್ಳಿ ನೋಡಬಾರದು. ಅಂಥಾದ್ದೊಂದು ಐತೇನು ನಿನ್ನ ಅಂಗಡ್ಯಾಗ?"

ಇರಲಿಲ್ಲ. ಮಂದಿ ತಿರುಗಿ ನೋಡದಿದ್ದರೆ ನನ್ನ ಅಂಗಡಿಯೇ ಬಂದ್. ಹಾಗೆಂದೇ ಹೇಳಿದೆ. ಹಾಗಾದರೆ ಸುಮ್ಮನೆ ಕೂತು ಕೇಳಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳಿದಳು. ಅದನ್ನು ಯಾವತ್ತೂ ಮಾಡಿ ನೋಡಿರಲಿಲ್ಲ.

ರಜೆಯ ದಿನ ನರಗುಂದದ ಬಸ್ ನಿಲ್ದಾಣಕ್ಕೆ ಹೋದೆವು. ಅಲ್ಲಿ ಇಬ್ಬರಿಗೂ ಪರಿಚಯದವರಿಲ್ಲ ಎಂಬುದಷ್ಟೇ ಕಾರಣ. ಕಲ್ಲುಕಟ್ಟೆಯ ಮೇಲೆ ಕೂತು, ಬಸ್ಸಿಗೆ ಕಾಯುವವರಂತೆ ನಟಿಸುತ್ತ, ಬಂದ ಬಸ್ಸುಗಳನ್ನೆಲ್ಲ ಬಿಟ್ಟೆವು. ಮೆಣಸಿನಕಾಯಿ ಚೀಲದ ಮೇಲೆ ಕೂತ ಹೆಂಗಸೊಬ್ಬಳು ಮಗನಿಗೆ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದಳು. ಟ್ರ್ಯಾಕ್ಟರ್ ಶುರುವಾದಂಥ ಧ್ವನಿ. ನಮ್ಮಿಬ್ಬರನ್ನು ಬಿಟ್ಟು ಯಾರೂ ಆಕೆಯತ್ತ ನೋಡಲಿಲ್ಲ. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಮೀಸೆಯವನ ಧ್ವನಿ ಕೊಳಲಿನಷ್ಟು ಸಣ್ಣ. ಅವನತ್ತಲೂ ಯಾರೂ ನೋಡಲಿಲ್ಲ. ಹೆಂಗಸರ ಮಾತು ತೆಳ್ಳಗಿರಬೇಕೆಂದೇನಿಲ್ಲ. ನಡುವೆ ಏರುತ್ತದೆ, ತುದಿಗೆ ಎಳೆದುಕೊಂಡು ಇಳಿಯುತ್ತದೆ, ಯಾರದೋ 'ಹೂಂ'ಗೆ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಇಷ್ಟು ವರ್ಷ ಇದನ್ನೆಲ್ಲ ನಾನು ಕೀರಲು ಮಾಡಿ ಮುಗಿಸಿದ್ದೆ.

"ನೀ ಈತನಕ ಹೆಂಗಸ್ರನ್ನ ಮಾಡಿಲ್ಲ ಬಿಡು," ಎಂದಳು ಗೆಳತಿ. "ಇಲಿ ಮಾಡೀದಿ."

ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಚಿಗವ್ವನ ಮಾತಿಗೆ ಕಿವಿ ಕೊಟ್ಟೆ. ಕಾಕಾನಿಗಿಂತ ದಪ್ಪ ಧ್ವನಿ. ಒಂದೇ ಮನೆಯಲ್ಲಿದ್ದೂ ಗಮನಿಸಿರಲಿಲ್ಲ.

ಮರುದಿನದಿಂದ ಪಾಠ ಕಲಿಸುವುದನ್ನು ಬಿಟ್ಟೆ. ಆಕೆ ತನ್ನಷ್ಟಕ್ಕೆ, ಗಂಟಲು ಹಿಂಡದೆ, ನಿಧಾನವಾಗಿ ಸೆಮಿನಾರು ಓದತೊಡಗಿದಳು. ನಾನು ತರಗತಿಯಾದೆ. ಇತಿಹಾಸದ ಸರ್ ಆಗಿ ಸೀನಿದೆ, ಪ್ರಾಂಶುಪಾಲರಾಗಿ ಕೆಮ್ಮಿದೆ, ಹಿಂದಿನ ಬೆಂಚಾಗಿ ಗೊಳ್ಳೆಂದೆ. ಏನೇ ಆದರೂ ನಿಲ್ಲಿಸಬಾರದೆಂದು ಒಪ್ಪಂದ. ಮೊದಮೊದಲು ನಿಲ್ಲಿಸುತ್ತಿದ್ದಳು. ಆಮೇಲೆ ನನ್ನ ಕೆಮ್ಮಿಗೆ ನೀರಿನ ಬಾಟಲಿ ಮುಂದೆ ಚಾಚಿ ಓದು ಮುಂದುವರಿಸುವಷ್ಟಾದಳು.

ಸೆಮಿನಾರಿನ ದಿನ ಬಂತು. ಮಲಪ್ರಭೆಯ ನೆರೆ ಮತ್ತು ದಂಡೆಯ ಊರುಗಳ ಸ್ಥಳಾಂತರ ಎಂಬುದು ವಿಷಯ. ಆಕೆಯ ಹೊಳೆಮಣ್ಣೂರೂ ಅಂಥದೊಂದು ಊರು. ಹೊಳೆಯ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ತಾನೇ ಬರೆದು ಬೋರ್ಡಿಗೆ ಸಿಗಿಸಿದ್ದಳು. ಮೊದಲ ವಾಕ್ಯ ನಡುಗಿತು, ನಡುವೆ ಸೀಳಿತು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಆ ಬೆಂಚಿನ ಕಣ್ಣುಗಳೆಲ್ಲ ನನ್ನತ್ತ ಬಂದವು. ನಗುವ ಪರವಾನಗಿ ಕೊಡುವ ಕಚೇರಿ ನಮ್ಮ ತರಗತಿಯಲ್ಲಿ ನಾನೇ ತಾನೇ. ನಾನು ನಕ್ಷೆ ನೋಡುತ್ತ ಕೂತೆ. ಆಕೆ ನೀರು ಕುಡಿದು ಅದೇ ವಾಕ್ಯವನ್ನು ಮತ್ತೊಮ್ಮೆ, ಇನ್ನೂ ನಿಧಾನವಾಗಿ ಹೇಳಿದಳು. ಈ ಸಲ ದಾಟಿತು.

ಕೊನೆಗೆ ಅಸೂಟಿಯ ಹುಡುಗನೊಬ್ಬ ಎದ್ದ. ಸರಕಾರ ಎತ್ತರದಲ್ಲಿ ಮನೆ ಕಟ್ಟಿಸಿ ಕೊಟ್ಟರೂ ಮಂದಿ ಮತ್ತೆ ಹೊಳೆದಂಡೆಗೇ ಏಕೆ ಹೋಗುತ್ತಾರೆ, ಅದು ಹಟವಲ್ಲವೇ ಎಂದು ಕೇಳಿದ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಆಕೆ ಹೇಳಿದಳು. ಅವನು ಬಿಡಲಿಲ್ಲ. ಹಾಗಾದರೆ ಜೀವಕ್ಕಿಂತ ದನ ಹೆಚ್ಚೇ ಎಂದ.

"ನೀ ಒಂದಿನ ಎಮ್ಮಿ ಕಟ್ಟೀದೇನು?" ಎಂದಳು ಆಕೆ. "ಎರಡ ಖೋಲಿ ಮನ್ಯಾಗ ಎಮ್ಮಿ ಎಲ್ಲಿ ನಿಂದರಬೇಕು, ಮೇವು ಎಲ್ಲಿ ಒಟ್ಟಬೇಕು, ಬಾ, ಇಲ್ಲಿ ಬರದು ತೋರಸು."

ಸಿಟ್ಟಿನಲ್ಲಿ ಧ್ವನಿ ಹಳೆಯ ತಳಕ್ಕೇ ಇಳಿದಿತ್ತು. ನನ್ನ ಕಿವಿಗೆ ತಕ್ಷಣ ಗೊತ್ತಾಯಿತು. ಸುತ್ತ ನೋಡಿದೆ. ಅಸೂಟಿಯವನು ಪೆನ್ಸಿಲ್ ಹಿಡಿದು ನಕ್ಷೆಯ ಬಳಿಗೆ ಹೋಗಿ ಚೌಕ ಬರೆಯುತ್ತಿದ್ದ. ಮೂಗಿನಲ್ಲಿ ನಕ್ಕವನೇ ಕುತ್ತಿಗೆ ಉದ್ದ ಮಾಡಿ, ಆ ಗೋಡೆ ತೆಗೆದರೆ ಎಮ್ಮೆ ಹಿಡಿಯುತ್ತದೆ ಎಂದ. ತೆಗೆದರೆ ಚಾವಣಿ ನಿನ್ನ ತಲೆಯ ಮೇಲೆಯೇ ಎಂದು ಆಕೆ ಅವನನ್ನೂ ಜಬರಿಸಿದಳು. ಸೆಮಿನಾರು ನಡೆಸುತ್ತಿದ್ದ ಸರ್ ಗಡಿಯಾರ ನೋಡಿಕೊಂಡರು. ಇನ್ನೆರಡು ನಿಮಿಷ ಕೊಡ್ರಿ ಸರ್ ಎಂದು ಆಕೆಯೇ ಕೇಳಿದಳು.

ವಾದ ತರಗತಿಯಿಂದ ಎದ್ದು ಅಂಗಳಕ್ಕೆ ಹೋಯಿತು. ನಕ್ಷೆ ಬೋರ್ಡಿನಲ್ಲೇ ಉಳಿದಿತ್ತು. ನಾನು ಪಿನ್ನು ಕಿತ್ತು, ಹಾಳೆ ಸುತ್ತಿಕೊಂಡು ಓಡಿದೆ. ಗೇಟಿನ ಬಳಿ, ಭಾನುವಾರ ಬಂದು ಕಣ್ಣಾರೆ ನೋಡಿ ಹೋಗು ಎಂದು ಆಕೆ ಅಸೂಟಿಯವನಿಗೆ ಹೇಳುತ್ತಿದ್ದಳು. ಹೊಳೆಮಣ್ಣೂರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಅವನು ಕೇಳುತ್ತಿದ್ದ. ಚಲೋ ಒಂದು ಚೇಷ್ಟೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಮಾತಿನ ನಡುವೆ ಸಂದು ಸಿಗಲಿ ಎಂದು ನಕ್ಷೆ ಹಿಡಿದು ನಿಂತೆ. ಸಿಗಲಿಲ್ಲ.